ತವಂದಿ ಘಾಟಿನ ಚಳಿ

ನಿಪ್ಪಾಣಿಯ ಚಳಿಗೂ ತಂಬಾಕಿನ ವಾಸನೆಗೂ ನನ್ನ ನೆನಪಿನಲ್ಲಿ ಬಿಡಿಸಲಾಗದ ನಂಟು. 1992ರ ಮಾರ್ಗಶಿರದ ಒಂದು ರಾತ್ರಿ, ಹನ್ನೆರಡು ವರ್ಷದ ನಾನು ತಂದೆಯವರ ಟ್ರಕ್ಕಿನಲ್ಲಿ ಬೆಳಗಾವಿಗೆ ಹೊರಟಿದ್ದೆ. ಹಿಂದೆ ತಂಬಾಕಿನ ಮೂಟೆಗಳು. ಮುಂದೆ ಉದ್ದ ಮೂತಿಯ ಹಳೆಯ ಟಾಟಾ-ಮರ್ಸಿಡಿಸ್. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದ ಸಂತತಿ ಅದು. ತಳಿ ಪರದೇಶದ್ದಾದರೂ ಚಾಲಕನ ಕೋಣೆ ಮಾತ್ರ ಅಪ್ಪಟ ದೇಶೀ. ಬರಿಯ ಚಾಸಿಯನ್ನು ಕೊಂಡು ತಂದು, ಕಟ್ಟಿಗೆ ಮತ್ತು ತಗಡಿನಿಂದ ಕೋಣೆ ಕಟ್ಟಿಸುವುದು ಆಗಿನ ರೂಢಿ.

ಶೀತದೇಶಗಳ ಟ್ರಕ್ಕುಗಳಲ್ಲಿ ಹೊರಗಿನ ಗಾಳಿಯನ್ನೇ ಬಿಸಿಮಾಡಿ ಒಳಗೆ ಬಿಡುವ ಹೀಟರ್ ಉಂಟು. ಇಂಜಿನ್ನನ್ನು ತಂಪಾಗಿಸಿ ತಾನು ಕಾದ ನೀರು ಪುಟ್ಟದೊಂದು ರೇಡಿಯೇಟರಿನಲ್ಲಿ ಹರಿಯುತ್ತದೆ. ಹೊರಗಾಳಿ ಅದನ್ನು ಹಾಯ್ದು ಬೆಚ್ಚಗಾಗುತ್ತದೆ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಉಸಿರಿನ ತೇವ ಗಾಜಿನ ಮೇಲೆ ಮಂಜಾಗಿ ಕೂಡುತ್ತದೆ. ಹೊಸ ಗಾಳಿ ಬಂದರೆ ಆ ತೊಂದರೆ ಕಡಿಮೆ. ಆದರೆ ಬಂದ ಗಾಳಿಗೆ ಹೊರಹೋಗುವ ದಾರಿಯೂ ಬೇಕು. ತಗಡಿನ ಗೋಡೆ ಬಿಸಿಯನ್ನು ಬೇಗನೆ ಬಿಟ್ಟುಕೊಡುವುದರಿಂದ, ಹಳೆಯ ಕೋಣೆಗಳಲ್ಲಿ ಪಾದ ಬೆಚ್ಚಗಾದರೂ ಬೆನ್ನು ತಣ್ಣಗೇ ಉಳಿಯುವುದುಂಟು.

ನಮ್ಮ ಗಾಡಿಗೆ ಆ ಭಾಗ್ಯವಿರಲಿಲ್ಲ. ಪೆಡಲುಗಳ ಬಳಿ ತಗಡಿನಲ್ಲಿದ್ದ ರಂಧ್ರವೇ ನಮ್ಮ ಅಗ್ಗಿಷ್ಟಿಕೆ. ತವಂದಿ ಘಾಟು ಏರುವಾಗ ಇಂಜಿನ್ನು ಕಾದು, ಆ ರಂಧ್ರದಿಂದ ಹಿತವಾದ ಬಿಸಿ ಬಂದಿತು. ಅದರೊಡನೆ ಹೊಗೆಯೂ ಬಂದಿತು. ನಾನು ಕೆಮ್ಮತೊಡಗಿದೆ. ಘಾಟು ಮುಗಿದೊಡನೆ ತಂದೆ ಗಾಡಿ ನಿಲ್ಲಿಸಿ, ಗೋಣಿಯ ತುಂಡಿನಿಂದ ರಂಧ್ರವನ್ನು ಮುಚ್ಚಿ, ತಾವು ಹೊದ್ದಿದ್ದ ಕೌದಿಯನ್ನು ನನಗೆ ಹೊದಿಸಿದರು. ಗಾಜಿಗೆ ಮಂಜು ಕವಿಯಿತು. ಆಗ ತಮ್ಮ ಕಡೆಯ ಕಿಟಕಿಯನ್ನು ತೆರೆದುಕೊಂಡರು.

“ಅಪ್ಪಾ, ನಿಮಗ ಥಂಡಿ?” ಎಂದೆ.

“ಸ್ಟೇರಿಂಗ್ ಹಿಡದಾಂವಗ ಥಂಡಿ ಎಲ್ಲೀದೋ? ನೀ ಮಲಕೋ.”

ನಾನು ಮಲಗಿದೆ. ಬೆಳಗಾವಿಯಲ್ಲಿ ಎದ್ದು ನೋಡಿದಾಗ ಅವರ ಬೆರಳುಗಳು ಚಹಾದ ಲೋಟವನ್ನು ಹಿಡಿಯಲಾರದೆ ನಡುಗುತ್ತಿದ್ದವು. ಆ ಮಾತು ಸುಳ್ಳೆಂದು ತಿಳಿದದ್ದು ಆಗ.

2025ರಲ್ಲಿ ಹೊಸ ಭಾರೀ ಟ್ರಕ್ಕುಗಳ ಚಾಲಕರ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಯಿತು. ಆ ಸುದ್ದಿಯನ್ನು ತಂದೆಯವರಿಗೆ ಓದಿ ಹೇಳಿದೆ. ಬಿಸಿಯ ಮಾತನ್ನಾಗಲಿ ತಂಪಿನ ಮಾತನ್ನಾಗಲಿ ಅವರು ಎತ್ತಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಳಗ ಹೊಗಿ ಬರೂದಿಲ್ಲೇನು?” ಎಂದಷ್ಟೇ ಕೇಳಿದರು.