ಹೊಟ್ಟೆ ಕೊಯ್ಯದೆ ಜಠರದಲ್ಲೊಂದು ಕಿಂಡಿ

ಮೇದೋಜೀರಕ ಗ್ರಂಥಿ ಇರುವ ಜಾಗವೇ ಸರ್ಜನ್‌ಗಳಿಗೆ ತಲೆನೋವು. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ, ದೊಡ್ಡ ರಕ್ತನಾಳಗಳ ಸಂದಿಯಲ್ಲಿ ಅದು ಮಲಗಿದೆ. ಹೊಟ್ಟೆ ಕೊಯ್ದು ಅಲ್ಲಿಗೆ ತಲುಪಬೇಕಾದರೆ ಅಡ್ಡ ಬಂದದ್ದನ್ನೆಲ್ಲ ಸರಿಸಬೇಕು. ಬಾಯಿಯಿಂದ ಜಠರಕ್ಕೆ ಇಳಿದರೆ ಮಾತ್ರ ಒಂದು ಗೋಡೆಯಾಚೆಗೇ ಸಿಗುತ್ತದೆ.

ಪಿತ್ತಕೋಶದ ಕಲ್ಲಿನಿಂದಲೋ ಕುಡಿತದಿಂದಲೋ ಗ್ರಂಥಿ ಊದಿಕೊಂಡಾಗ ಕೆಲವೊಮ್ಮೆ ಅದರ ನಾಳ ಒಡೆದು ಜೀರ್ಣರಸ ಹೊರಗೆ ಸೋರುತ್ತದೆ. ಸೋರಿದ್ದರ ಸುತ್ತ ದೇಹವೇ ಗೋಡೆ ಕಟ್ಟುತ್ತದೆ. ಆ ಗೋಡೆ ಬಲಿಯಲು ಸುಮಾರು 4 ವಾರ ಬೇಕು. ವೈದ್ಯರು ಸ್ಯೂಡೋಸಿಸ್ಟ್ ಎನ್ನುವುದು ಈ ಚೀಲಕ್ಕೇ. ಎಷ್ಟೋ ಚೀಲಗಳು ತಾವಾಗಿಯೇ ಇಂಗಿಹೋಗುತ್ತವೆ. 6 ಸೆಂಟಿಮೀಟರ್ ದಾಟಿದರೆ ಮುಟ್ಟಲೇಬೇಕು ಎಂಬ ಹಳೆಯ ನಿಯಮ ಈಗಿಲ್ಲ. ನೋವು, ವಾಂತಿ, ಕಾಮಾಲೆ, ಸೋಂಕು ಕಾಣಿಸಿಕೊಂಡರೆ ಚಿಕಿತ್ಸೆ, ಇಲ್ಲವಾದರೆ ಕಾಯುವುದು.

ಚಿಕಿತ್ಸೆಯ ಯಂತ್ರ, ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಕೂರಿಸಿದ ಎಂಡೊಸ್ಕೋಪ್. ಜಠರದೊಳಗಿನಿಂದ ಹಿಂಗೋಡೆಗೆ ಒತ್ತಿ ಹಿಡಿದರೆ ಪರದೆಯ ಮೇಲೆ ಗೋಡೆ ಬೂದು ಪದರಗಳಾಗಿಯೂ, ದ್ರವ ಶಬ್ದವನ್ನು ಹಿಂದಿರುಗಿಸದ ಕಾರಣ ಚೀಲ ಕಪ್ಪಾಗಿಯೂ ಕಾಣುತ್ತದೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಗುಂಡಿ ಒತ್ತಿದರೆ ನಡುವೆ ಹಾಯುವ ರಕ್ತನಾಳಗಳು ಕೆಂಪು, ನೀಲಿಯಾಗಿ ಬೆಳಗುತ್ತವೆ. ಬಣ್ಣವಿಲ್ಲದ ಜಾಗ ನೋಡಿ ಚುಚ್ಚುವುದೇ ಇಲ್ಲಿ ಅರ್ಧ ವಿದ್ಯೆ. ಜರ್ಮನಿಯ ಹ್ಯಾಂಬರ್ಗಿನ ತಂಡವೊಂದು 1992ರಲ್ಲಿ ಈ ವಿಧಾನವನ್ನು ವರದಿ ಮಾಡಿತು.

ಚುಚ್ಚಿದ ಕಿಂಡಿ ಮುಚ್ಚದಿರಲೆಂದು ಆಗ ಹಾಕುತ್ತಿದ್ದದ್ದು ಸಣ್ಣ ಪ್ಲಾಸ್ಟಿಕ್ ಕೊಳವೆ. ಬೇಗ ಕಟ್ಟಿಕೊಳ್ಳುತ್ತಿತ್ತು. ಅದೇ ಹ್ಯಾಂಬರ್ಗ್ ತಂಡದಲ್ಲಿದ್ದ ಕೆನೆತ್ ಬಿನ್‌ಮೋಲರ್ ಮುಂದೆ ಅಮೆರಿಕದಲ್ಲಿ ಡಮರುವಿನಂಥ ಲೋಹದ ಸ್ಟೆಂಟ್ ರೂಪಿಸಿದರು. ಅಲ್ಲಿ ಅದಕ್ಕೆ 2013ರಲ್ಲಿ ಅನುಮತಿ ಸಿಕ್ಕಿತು. ನಿಕ್ಕೆಲ್ ಮತ್ತು ಟೈಟಾನಿಯಂ ಬೆರೆಸಿದ ನಿಟಿನಾಲ್ ತಂತಿಯ ಹೆಣಿಗೆಯಾದ್ದರಿಂದ ಮುದುಡಿ ಒಳಗೆ ತಳ್ಳಿದರೂ ಬಿಟ್ಟೊಡನೆ ತನ್ನ ಆಕಾರಕ್ಕೆ ಅರಳುತ್ತದೆ. ಒಂದು ಅಂಚು ಚೀಲದೊಳಗೆ, ಇನ್ನೊಂದು ಜಠರದೊಳಗೆ. ಎರಡೂ ಗೋಡೆಗಳನ್ನು ಅವು ಸೇರಿಸಿ ಹಿಡಿಯುತ್ತವೆ. ನಡುವಿನ ದಾರಿ 10, 15 ಮಿಲಿಮೀಟರ್ ಅಗಲ. ತುದಿಯಲ್ಲಿ ವಿದ್ಯುತ್ತಿನಿಂದ ಕಾಯುವ ತಂತಿಯಿರುವ ಮಾದರಿಯಾದರೆ ಕೊರೆಯುವುದೂ ಕೂರಿಸುವುದೂ ಒಂದೇ ಬೀಸಿಗೆ. ಅಂಚು ಅರಳಿದ್ದೇ ತಡ, ಕಂದು ದ್ರವ ಜಠರಕ್ಕೆ ಧುಮ್ಮಿಕ್ಕುತ್ತದೆ. ಗಾಬರಿ ಬೇಡ. ಆ ರಸ ಹೇಗೂ ಕರುಳಿಗೆ ಸೇರಬೇಕಾದದ್ದೇ.

ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ 40 ರೋಗಿಗಳನ್ನು ಎರಡು ಗುಂಪು ಮಾಡಿ ಶಸ್ತ್ರಚಿಕಿತ್ಸೆ ಮತ್ತು ಎಂಡೊಸ್ಕೋಪಿಯನ್ನು ಹೋಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ: ಗುಣವಾಗುವುದರಲ್ಲಿ ವ್ಯತ್ಯಾಸವಿಲ್ಲ, ಆಸ್ಪತ್ರೆವಾಸ ಮಾತ್ರ 6 ದಿನದ ಬದಲು 2 ದಿನ. ಹಾಗೆಂದು ಅಪಾಯವೇ ಇಲ್ಲವೆನ್ನುವ ಜಾಹೀರಾತಿನ ಮಾತನ್ನು ನಾನು ಒಪ್ಪಲಾರೆ. ರಂಧ್ರ ಕೊರೆಯುವುದಂತೂ ಇದ್ದೇ ಇದೆ. ಚೀಲ ಬತ್ತಿದ ಮೇಲೂ ಲೋಹದ ಸ್ಟೆಂಟ್ ಉಳಿದರೆ ಎದುರಿನ ರಕ್ತನಾಳವನ್ನು ಉಜ್ಜಿ ರಕ್ತಸ್ರಾವ ಆಗಬಹುದು. ಅದಕ್ಕೇ ಮೂರು ನಾಲ್ಕು ವಾರಕ್ಕೆ ಸ್ಕ್ಯಾನ್ ಮಾಡಿ ತೆಗೆಯುತ್ತಾರೆ.

ಬೇರಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಇದೇ ಗ್ರಂಥಿಯೊಳಗೆ ಅಚಾನಕ್ಕಾಗಿ ಕಾಣುವ ಲೋಳೆ ತುಂಬಿದ ಸಿಸ್ಟ್‌ಗಳ ಕಥೆ ಬೇರೆ. ಅವುಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್ ಆಗಬಲ್ಲವು. ಅವನ್ನು ಜಠರಕ್ಕೆ ಬಸಿಯುವಂತಿಲ್ಲ. ಹೆಚ್ಚಿನವನ್ನು ಎಂಆರ್‌ಐ ಮಾಡುತ್ತ ಕಣ್ಣಿಟ್ಟಿರುತ್ತಾರೆ. ಆಯ್ದ ಕೆಲವರಿಗೆ ಅದೇ ಎಂಡೊಸ್ಕೋಪಿನ ಸೂಜಿಯಿಂದ ಲೋಳೆ ಹೀರಿ, ಮದ್ಯಸಾರದಿಂದ ತೊಳೆದು, ಕ್ಯಾನ್ಸರ್ ಔಷಧ ತುಂಬುವ ಪ್ರಯೋಗಗಳು ನಡೆದಿವೆ. ಪೆನ್ಸಿಲ್ವೇನಿಯಾದಲ್ಲಿ 39 ಜನರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ಮದ್ಯಸಾರದ ಬದಲು ಬರೀ ಉಪ್ಪುನೀರು ಬಳಸಿದರು. ಸಿಸ್ಟ್ ಪೂರ್ತಿ ಮಾಯವಾದದ್ದು ಮದ್ಯಸಾರದವರಲ್ಲಿ ಶೇಕಡಾ 61, ಉಪ್ಪುನೀರಿನವರಲ್ಲಿ 67. ತೊಂದರೆಗಳೂ ಉಪ್ಪುನೀರಿನವರಲ್ಲೇ ಕಡಿಮೆ.