ಕೊಳೆರೋಗದ ಪ್ರಶ್ನೆಯಿಂದ ಪಿಎಚ್.ಡಿ.ಯವರೆಗೆ

ಮಕ್ಕಳೇ, ಹೆಸರಿನ ಮುಂದೆ ‘ಡಾ.’ ಇದ್ದವರೆಲ್ಲ ಮದ್ದು ಕೊಡುವ ಡಾಕ್ಟರೇ ಆಗಬೇಕೆಂದಿಲ್ಲ. ಜೀವವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿದವರೂ ಡಾಕ್ಟರೇ. ಅದಕ್ಕೆ ಏನು ಬೇಕು? ತುಂಬಾ ಹಣ, ತುಂಬಾ ಇಂಗ್ಲಿಷ್ ಬೇಕು ಅಂತ ನೀವು ಹೇಳಬಹುದು. ಒಂದೊಂದಾಗಿ ನೋಡೋಣ.

ಮೊದಲು ಬೇಕಾದ್ದು ಪ್ರಶ್ನೆ

ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ ನಿಮಗೆಲ್ಲ ಗೊತ್ತು. ಇದಕ್ಕೆ ಕಾರಣ ಫೈಟೊಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ. ಕೆನಡಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಇಂದಿಗೂ ನಾವು ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ.

ಹಾಗಾದರೆ ಇನ್ನು ಹುಡುಕಲು ಏನೂ ಉಳಿದಿಲ್ಲವೇ? ಒಂದೇ ತೋಟದಲ್ಲಿ ಒಂದು ಮರದ ಕಾಯಿ ಉದುರುತ್ತದೆ, ಪಕ್ಕದ ಮರದ್ದು ಉಳಿಯುತ್ತದೆ. ಯಾಕೆ? ತಳಿ ಬೇರೆಯಾ, ನೆರಳು ಹೆಚ್ಚಾ, ಮದ್ದು ಸರಿಯಾಗಿ ತಾಗಲಿಲ್ಲವಾ? ಇವುಗಳಲ್ಲಿ ಒಂದನ್ನು ಆರಿಸಿ, ಬೇರೆಲ್ಲ ಒಂದೇ ರೀತಿ ಇರುವಂತೆ ನೋಡಿಕೊಂಡು ಪರೀಕ್ಷಿಸಬೇಕು. ಹಿಂದೆ ಯಾರೂ ಹೇಳದ ಒಂದು ಹೊಸ ವಿಷಯವನ್ನು ಸಾಕ್ಷಿ ಸಮೇತ ತೋರಿಸುವುದೇ ಪಿಎಚ್.ಡಿ. ಆ ವಿಷಯ ಸಣ್ಣದಾದರೂ ಚಿಂತೆಯಿಲ್ಲ.

ದಾರಿ ಹೀಗಿದೆ

ಯುಜಿಸಿಯ 2022ರ ನಿಯಮದ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. 4 ವರ್ಷದ ಡಿಗ್ರಿಯಲ್ಲಿ ಶೇ. 75 ಪಡೆದವರೂ ನೇರವಾಗಿ ಅರ್ಜಿ ಹಾಕಬಹುದು. ಮೀಸಲಾತಿ ವರ್ಗದವರಿಗೆ ಶೇ. 5 ರಿಯಾಯಿತಿ ಇದೆ. ಆಮೇಲೆ ಪ್ರವೇಶ ಪರೀಕ್ಷೆ ಇಲ್ಲವೇ ನೆಟ್, ಜೊತೆಗೆ ಸಂದರ್ಶನ.

ಸೇರಿದ ಮೇಲೆ ಕನಿಷ್ಠ 12 ಕ್ರೆಡಿಟ್‌ನ ಪಾಠಗಳಿರುತ್ತವೆ. ಸಂಶೋಧನೆ ಹೇಗೆ ಮಾಡಬೇಕು, ಇನ್ನೊಬ್ಬರದನ್ನು ಯಾಕೆ ಕದಿಯಬಾರದು ಎಂಬುದೂ ಅದರಲ್ಲಿದೆ. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ‘ಇಷ್ಟಾಯಿತು’ ಅಂತ ವಿವರಿಸಬೇಕು. ಕೊನೆಗೆ ಪ್ರಬಂಧ. ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಅದನ್ನು ಓದುತ್ತಾರೆ. ಅವರು ಒಪ್ಪಿದರೆ ಮೌಖಿಕ ಪರೀಕ್ಷೆ. ಒಟ್ಟು ಅವಧಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಮಹಿಳೆಯರಿಗೆ ಹೆಚ್ಚುವರಿಯಾಗಿ 2 ವರ್ಷ ಕೊಡಬಹುದು.

ಹಣ ಮತ್ತು ಭಾಷೆ

ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕಿದರೆ 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಎಲ್ಲರಿಗೂ ಇದು ಸಿಗುವುದಿಲ್ಲ, ಸ್ಪರ್ಧೆ ಜೋರು. ಆದರೆ ‘ನಮ್ಮಲ್ಲಿ ಹಣವಿಲ್ಲ, ನಮಗಲ್ಲ’ ಅಂತ ಈಗಲೇ ಕೈಬಿಡಬೇಡಿ.

ಇಂಗ್ಲಿಷ್ ಮಾತ್ರ ನಿಜವಾದ ತೊಡಕು. ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ, ಕನ್ನಡದಲ್ಲಿಲ್ಲ. ಅದಕ್ಕೆ ಇಂದಿನಿಂದಲೇ ನೋಟ್ ಬುಕ್ಕಿನಲ್ಲಿ ಎರಡು ಕಾಲಂ ಹಾಕಿ. ಒಂದರಲ್ಲಿ ‘ದ್ಯುತಿಸಂಶ್ಲೇಷಣೆ’, ಪಕ್ಕದಲ್ಲಿ ‘ಫೋಟೋಸಿಂಥೆಸಿಸ್’. ದಿನಕ್ಕೆ ಎರಡೇ ಪದ ಬರೆದರೂ ವರ್ಷಕ್ಕೆ 730 ಆಯಿತು! ಕನ್ನಡದಲ್ಲಿ ಅರ್ಥವಾದ ವಿಷಯಕ್ಕೆ ಇಂಗ್ಲಿಷ್ ಹೆಸರು ಸೇರಿಸುವುದು ಕಷ್ಟವಲ್ಲ. ಅರ್ಥವಾಗದೆ ಬಾಯಿಪಾಠ ಮಾಡಿದ್ದು ಯಾವ ಭಾಷೆಯಲ್ಲೂ ಉಳಿಯುವುದಿಲ್ಲ.

ದೂರ ಎಲ್ಲೋ ಹೋಗಬೇಕು ಅಂದುಕೊಳ್ಳಬೇಡಿ. ನಮ್ಮ ಕಾಸರಗೋಡಿನಲ್ಲೇ ತೆಂಗು, ಅಡಿಕೆ, ಕೊಕ್ಕೋ ಬೆಳೆಗಳ ಸಂಶೋಧನೆ ಮಾಡುವ ಸಿಪಿಸಿಆರ್‌ಐ ಇದೆ. ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ.

ಈ ಮಳೆಗಾಲಕ್ಕೆ ಒಂದು ಕೆಲಸ: ಮನೆಯ ಅಥವಾ ನೆರೆಮನೆಯ ತೋಟದಲ್ಲಿ 10 ಅಡಿಕೆ ಮರಗಳಿಗೆ ನಂಬರ್ ಹಾಕಿ. ವಾರಕ್ಕೊಮ್ಮೆ ಬಿದ್ದ ಕೊಳೆತ ಕಾಯಿಗಳನ್ನು ಎಣಿಸಿ. ತಾರೀಕು, ಮಳೆ, ಮದ್ದು ಹೊಡೆದ ದಿನ ಎಲ್ಲವನ್ನೂ ಬರೆದಿಡಿ. ನೀವು ಅಂದುಕೊಂಡಂತೆ ಲೆಕ್ಕ ಬರದಿದ್ದರೆ ತಿದ್ದಬೇಡಿ. ಯಾಕೆ ಹಾಗಾಯಿತು ಅಂತ ಕೇಳಿ.