‘ಬಂತು’, ‘ಬಂದಳು’, ‘ಬಂದರು’: ಸಭೆಯಲ್ಲಿ ಮರ್ಯಾದೆಯ ಮಾತು



ನಮ್ಮ ಸಭೆಗಳಿಗೆ ಕಾಸರಗೋಡಿನವರೂ ಬರುತ್ತಾರೆ, ಸೊಲ್ಲಾಪುರದವರೂ ಆದೋನಿಯವರೂ ಬರುತ್ತಾರೆ. ಎಲ್ಲರದೂ ಕನ್ನಡವೇ. ಆದರೂ ಒಂದೂರಿನ ಅಕ್ಕರೆ ಇನ್ನೊಂದೂರಿನ ಕಿವಿಗೆ ಅವಮಾನವಾಗಿ ಕೇಳಬಹುದು.

ಕಾಸರಗೋಡಿನ ಹವ್ಯಕ ಕನ್ನಡದಲ್ಲಿ ಹೆಣ್ಣುಮಕ್ಕಳಿಗೆ ನಪುಂಸಕಲಿಂಗವೇ ರೂಢಿ: ‘ಅಕ್ಕ ಬಂತು’. ಮನೆಯಲ್ಲಿ ಅದು ಸಹಜ ಮಾತು. ತೆಲುಗಿನಲ್ಲೂ ‘ಆಮೆ ವಚ್ಚಿಂದಿ’ ಎನ್ನುವಾಗ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದ ಒಂದೇ. ಈ ರೂಢಿ ಗೊತ್ತಿಲ್ಲದವರಿಗೆ ಮಾತ್ರ ‘ನನ್ನನ್ನು ವಸ್ತುವಿನಂತೆ ಕಂಡರು’ ಎನಿಸುತ್ತದೆ. ಸೊಲ್ಲಾಪುರ, ಜತ್ತದ ಕಡೆ ‘ಬರ್ರಿ’, ‘ಹೌದ್ರಿ’ ಎಂಬುದರಲ್ಲಿನ ‘ರಿ’ಯೇ ಗೌರವ, ಬರಿಯ ‘ಬಾ’ ಎಂದರೆ ಹಿರಿಯರಿಗೆ ನೋವು.

ಇವು ಊರಿನ ರೂಢಿಗಳು, ನಗಬೇಕಾದ ತಪ್ಪುಗಳಲ್ಲ. ಆದರೆ ‘ಅಧ್ಯಕ್ಷರು ಬಂದರು, ಕಾರ್ಯದರ್ಶಿ ಬಂದಳು’ ಎಂದರೆ ಅದು ರೂಢಿಯಲ್ಲ, ತಾರತಮ್ಯ. ಒಂದೇ ವೇದಿಕೆಯಲ್ಲಿ ಗಂಡಸಿಗೆ ಬಹುವಚನ, ಹೆಂಗಸಿಗೆ ಏಕವಚನ ಸಲ್ಲದು.

ವೇದಿಕೆಯ ಮೇಲೆ ಎಲ್ಲರಿಗೂ ‘ಅವರು’ ಎನ್ನೋಣ. ಈ ಪದಕ್ಕೆ ಲಿಂಗಭೇದವಿಲ್ಲ. ಹೆಣ್ಣು, ಗಂಡು, ಲಿಂಗತ್ವ ಅಲ್ಪಸಂಖ್ಯಾತರು, ಎಲ್ಲರಿಗೂ ಒಪ್ಪುತ್ತದೆ. ಆಮಂತ್ರಣದಲ್ಲಿ ಮಹಿಳೆಯರ ಹೆಸರನ್ನು ‘ಇಂಥವರ ಪತ್ನಿ’ ಎನ್ನದೆ ಅವರದೇ ಹೆಸರಾಗಿ ಅಚ್ಚು ಮಾಡಿಸೋಣ. ಹೇಗೆ ಕರೆಯಬೇಕೆಂದು ತಿಳಿಯದಿದ್ದರೆ ಅವರನ್ನೇ ಕೇಳೋಣ. ಬಾಯಿತಪ್ಪಿದರೆ ‘ಕ್ಷಮಿಸಿ’ ಎಂದು ತಿದ್ದಿಕೊಂಡು ಮುಂದುವರಿಯೋಣ.

ಮನೆಮಾತು ಮನೆಯ ಸಿರಿ. ಅದನ್ನು ಬಿಡುವುದು ಬೇಡ. ಸಭೆಗೆ ಬಂದವರಾರೂ ಮುಖ ಸಪ್ಪೆ ಮಾಡಿಕೊಂಡು ಹೋಗದಿದ್ದರೆ ಸಾಕು.